ಗೀರು ಬಿದ್ದ ‘ಗೀತಾ’

ಅವೆನ್ಯೂ ರೋಡಿನಲ್ಲಿ ಚೌಕಾಸಿ ಮಾಡಿ ತಂದ ‘ಗೀತಾ’ ಗ್ರಾಮಫೋನ್ ರೆಕಾರ್ಡನ್ನು ನಿನ್ನೆ ರಾತ್ರಿ ಸೋಪಿನ ನೀರಲ್ಲಿ ತೊಳೆದೆ. ಲೇಬಲ್ ಒದ್ದೆಯಾಗದಂತೆ ಹೆಬ್ಬೆರಳಿಂದ ಮುಚ್ಚಿಕೊಂಡು, ಹತ್ತಿಬಟ್ಟೆಯಲ್ಲಿ ರೆಕಾರ್ಡಿನ ಸುತ್ತುಗೆರೆಗಳ ಗುಂಟವೇ ಒರೆಸಬೇಕು, ಅಡ್ಡಡ್ಡ ಅಲ್ಲ.

1981ರ ಸಿನಿಮಾ, ಇಳಯರಾಜ ಸಂಗೀತ. ‘ಜೊತೆಯಲಿ ಜೊತೆಜೊತೆಯಲಿ’ ಫೋನಿನಲ್ಲಿ ಸಾವಿರ ಸಲ ಕೇಳಿದ್ದೇನೆ. ಮುಳ್ಳು ಇಳಿಸಿದಾಗ ಮೊದಲು ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಆಮೇಲೆ ಬೇಸ್ ಗಿಟಾರ್ ಬಂತು ನೋಡಿ! ಅದು ಹಾಡಿನ ಕೆಳಗೆ ತನ್ನದೇ ಇನ್ನೊಂದು ಹಾಡು ಹೇಳ್ತಾ ಓಡಾಡತ್ತೆ. ಫೋನಿನ ಪುಟ್ಟ ಸ್ಪೀಕರ್ ಇಷ್ಟು ವರ್ಷ ಅದನ್ನು ನುಂಗಿಹಾಕಿತ್ತು. ಎಸ್‌ಪಿಬಿ, ಜಾನಕಿ ಅಮ್ಮ ಇಬ್ಬರೂ ಪಕ್ಕದ ರೂಮಲ್ಲೇ ಇದ್ದಾರೇನೋ ಅನ್ನಿಸಿ ತೋಳಿನ ರೋಮ ಎದ್ದುನಿಂತವು.

ಡಿಜಿಟಲ್‌ಗಿಂತ ಇದೇ ಶುದ್ಧ ಅಂತ ವಾದ ಮಾಡಲ್ಲ. ಶುದ್ಧವಂತೂ ಅಲ್ಲ. ನನ್ನದಕ್ಕೊಂದು ಉದ್ದ ಗೀರಿದೆ. ನಿಮಿಷಕ್ಕೆ 33⅓ ಸುತ್ತು, ಅಂದರೆ ಸುತ್ತಿಗೆ 1.8 ಸೆಕೆಂಡು, ಅಷ್ಟಷ್ಟು ಹೊತ್ತಿಗೆ ಸರಿಯಾಗಿ ‘ಟಕ್’. ತಾಳಕ್ಕೆ ಮಾತ್ರ ಕೂರಲ್ಲ. ‘ಯಾರೋ ಬಾಗಿಲು ಬಡೀತಿದಾರೆ ನೋಡೋ’ ಅಂತ ಅಮ್ಮ ಒಳಗಿಂದ ಎರಡು ಸಲ ಕೂಗಿದಳು.