17ರ ಮೇಲಿಟ್ಟ ಬೆರಳು

ಟೆಕ್ಸಾಸ್‌ನ ನಮ್ಮ ಕ್ರೈಸ್ತ ವಿಶ್ವವಿದ್ಯಾಲಯದ ವ್ಯಾಯಾಮ ವಿಜ್ಞಾನ ಪ್ರಯೋಗಾಲಯದಲ್ಲಿ ಇಂದು ಬೆಳಿಗ್ಗೆ, ಎಂದಿನ ಪ್ರಾರ್ಥನೆ ಮುಗಿಸಿ, ವಿದ್ಯಾರ್ಥಿನಿಯೊಬ್ಬಳ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ಅಳೆಯುತ್ತಿದ್ದೆವು. ಟ್ರೆಡ್‌ಮಿಲ್‌ನ ವೇಗವೂ ಏರೂ ಮೂರು ನಿಮಿಷಕ್ಕೊಮ್ಮೆ ಹೆಚ್ಚುತ್ತಿದ್ದವು.

ಉಸಿರಿನ ಕೊಳವೆಯನ್ನು ಕಚ್ಚಿದ್ದರಿಂದ ಮಾತನಾಡಲಾಗದ ಆಕೆ, ನಾನು ಹಿಡಿದಿದ್ದ ಬೋರ್ಗ್ ಮಾಪನದ ಹಾಳೆಯಲ್ಲಿ 17ರ ಮೇಲೆ ಬೆರಳಿಟ್ಟಳು. ಅಲ್ಲಿ ಬೆವರಿನ ಗುರುತು ಉಳಿಯಿತು. ದಣಿವನ್ನು 6ರಿಂದ 20ರವರೆಗಿನ ಅಂಕಿಗಳಲ್ಲಿ ಹೇಳಿಸುವ ಈ ಮಾಪನವನ್ನು ಸ್ವೀಡನ್ನಿನ ಗುನ್ನಾರ್ ಬೋರ್ಗ್, ಹತ್ತರಿಂದ ಗುಣಿಸಿದರೆ ಹೃದಯ ಬಡಿತದ ಸ್ಥೂಲ ಅಂದಾಜು ಸಿಗುವಂತೆ ರೂಪಿಸಿದರು.

ಪರದೆಯ ಮೇಲೆ 172 ಎಂದಿತ್ತು.

ಆಕೆ ಪರದೆಯನ್ನು ನೋಡಿರಲೇ ಇಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಉಸಿರಿಗಾಗಿ ಕೃತಜ್ಞತೆ ಸಲ್ಲಿಸಿದ್ದು ನೆನಪಾಗಿ, ಆ ಹಾಳೆಯನ್ನು ಒರೆಸದೆ ಹಾಗೆಯೇ ಮೇಜಿನ ಮೇಲಿಟ್ಟುಕೊಂಡಿದ್ದೇನೆ.