ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕುವ ಮೊದಲು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಆ ನೆಪದಲ್ಲಿ, ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಕಂಪ್ಯೂಟರುಗಳನ್ನು ಆಫೀಸುಗಳು ಮೂಲೆಗೆ ಹಾಕುತ್ತಿವೆ. ಒಂದು ಕಂಪ್ಯೂಟರಿನ ಚಿಪ್ಪು, ಬೋರ್ಡು ತಯಾರಾಗುವಾಗಲೇ ಅಪಾರ ನೀರು, ವಿದ್ಯುತ್ತು, ಲೋಹ ಖರ್ಚಾಗಿರುತ್ತದೆ. ಇದ್ದದ್ದನ್ನೇ ಇನ್ನೂ ಮೂರ್ನಾಲ್ಕು ವರ್ಷ ದುಡಿಸಿಕೊಳ್ಳುವುದಕ್ಕಿಂತ ದೊಡ್ಡ ಪರಿಸರದ ಕೆಲಸ ಆಫೀಸಿನಲ್ಲಿ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ.

ಮೊದಲು ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್ ಪರದೆ, ತೆರೆದು ನೋಡಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ 8ನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಇದ್ದೂ ಅಪ್‌ಗ್ರೇಡ್ ಆಗುತ್ತಿಲ್ಲವೆಂದರೆ, ಬಯಾಸ್‌ನಲ್ಲಿ ಆ ಟಿಪಿಎಂ ಒದಗಿಸುವ ‘ಪಿಟಿಟಿ’ ಎಂಬ ಆಯ್ಕೆ ಆಫ್ ಆಗಿರುವುದೇ ಎಷ್ಟೋ ಸಲ ಕಾರಣ. ಪ್ರೊಸೆಸರ್ ಅದಕ್ಕಿಂತ ಹಳೆಯದಾದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಬಹುದು. ಕನ್ನಡ ಟೈಪಿಂಗಿಗೆ ಕಗಪ ಕೀಲಿಮಣೆ ಅದರಲ್ಲೇ ಇದೆ. ಎಡವುವುದು ಎರಡು ಕಡೆ: ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ, ಟ್ಯಾಲಿಗೆ ವಿಂಡೋಸೇ ಬೇಕು. ಆದ್ದರಿಂದ ಲೆಕ್ಕಪತ್ರದ ಕಂಪ್ಯೂಟರನ್ನು ಬಿಟ್ಟು ಉಳಿದವನ್ನು ಬದಲಿಸಿ.

ನಿಧಾನವೆಂಬ ದೂರಿಗೆ ಮದ್ದು ಹೊಸ ಕಂಪ್ಯೂಟರ್ ಅಲ್ಲ, ಹಾರ್ಡ್‌ಡಿಸ್ಕಿಗಿಂತ ವೇಗವಾದ 256 ಜಿಬಿಯ ಎಸ್‌ಎಸ್‌ಡಿ ಮತ್ತು ಒಟ್ಟು 8 ಜಿಬಿ ರ‍್ಯಾಮ್. ಕೊಳ್ಳುವ ಮುನ್ನ ಬೋರ್ಡಿಗೆ ಕೂರುವ ರ‍್ಯಾಮ್ ಡಿಡಿಆರ್3 ಬಗೆಯದೋ ಡಿಡಿಆರ್4 ಬಗೆಯದೋ ನೋಡಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಪ್ರತಿ ಬಾರಿ ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಹೋಗಿ, ಯಾವ ವೆಬ್‌ಸೈಟೂ ತೆರೆಯದೆ ಎಚ್ಚರಿಕೆ ಬರುತ್ತಿದೆಯೇ? ಗಡಿಯಾರ ನಡೆಸುವ, ಬೋರ್ಡಿನ ಮೇಲಿನ ಸಿಆರ್2032 ಗುಂಡಿ ಸೆಲ್ ಮುಗಿದಿರುತ್ತದೆ. ಅಷ್ಟು ಅಗ್ಗದ ಸೆಲ್ಲಿಗಾಗಿ ಇಡೀ ಕಂಪ್ಯೂಟರು ಗುಜರಿ ಪಾಲಾಗಬಾರದು.

ಇನ್ನು ರಾತ್ರಿಯ ವಿಷಯ. ಕೆಲಸವಿಲ್ಲದೆ ಉರಿಯುವ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 60 ವಾಟ್ ಎಂದಿಟ್ಟುಕೊಳ್ಳಿ. ಅಂಥವು 20 ಇದ್ದರೆ 14 ಗಂಟೆಗೆ 16.8 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಒಂದೇ ರಾತ್ರಿಗೆ ಹತ್ತಿರ ಹತ್ತಿರ 12 ಕೆಜಿ. ಸ್ಕ್ರೀನ್‌ಸೇವರ್ ಇದರಲ್ಲಿ ಏನನ್ನೂ ಉಳಿಸುವುದಿಲ್ಲ. 10 ನಿಮಿಷಕ್ಕೆ ಮಾನಿಟರ್ ಆರುವಂತೆ, 20 ನಿಮಿಷಕ್ಕೆ ಸ್ಲೀಪ್ ಆಗುವಂತೆ ಇಡಿ. ಸ್ಲೀಪ್ ಆಗಲು ಒಪ್ಪದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, powercfg /requests ಎಂಬ ಕಮಾಂಡ್ ಕೊಡಿ. ತಡೆಯುತ್ತಿರುವ ಪ್ರೋಗ್ರಾಂ ಯಾವುದೆಂದು ತೋರಿಸುತ್ತದೆ. ತಾನಾಗಿ ಎಚ್ಚರಗೊಳ್ಳುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ‘ವೇಕ್’ ಅನುಮತಿಯನ್ನು ತೆಗೆಯಿರಿ. ಎಲ್ಲರೂ ಬಳಸುವ ಫೋಲ್ಡರ್ ಇರುವ ಕಂಪ್ಯೂಟರಿಗೆ ಮಾತ್ರ ಹಗಲಲ್ಲಿ ಸ್ಲೀಪ್ ಬೇಡ, ಉಳಿದವರ ಕೆಲಸ ಅರ್ಧಕ್ಕೆ ಕಡಿದುಹೋಗುತ್ತದೆ.

ವಿದ್ಯುತ್ ಉಳಿಸಲು ಹೊರಟವರೇ ಯುಪಿಎಸ್ ಕೆಡಿಸುವುದೂ ಉಂಟು. ಗೋಡೆಯ ಸ್ವಿಚ್ಚನ್ನಷ್ಟೇ ಆರಿಸಿದರೆ ಯುಪಿಎಸ್ ಕೂಗುತ್ತಾ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುತ್ತದೆ. ದಿನವೂ ಹೀಗಾದರೆ 12 ವೋಲ್ಟಿನ ಆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಮೊದಲು ಯುಪಿಎಸ್ ಗುಂಡಿ, ಆಮೇಲೆ ಗೋಡೆಯ ಸ್ವಿಚ್. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಸಿಕ್ಕಿಸಲೇಬೇಡಿ. ಶಾಯಿಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಅದರ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಯುಪಿಎಸ್ ತಾಳದು.

ಕೊನೆಗೂ ಉಳಿಸಲಾಗದ ಕಂಪ್ಯೂಟರನ್ನು ತೂಕಕ್ಕೆ ಮಾರಬೇಡಿ. ತಾಮ್ರಕ್ಕಾಗಿ ವೈರು ಸುಡುವುದು, ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದುವುದು ನಡೆಯುವುದು ಅಲ್ಲಿಂದ ಮುಂದೆ. ಆ ಹೊಗೆ ಸೇರುವುದು ಬರಿಗೈಯಲ್ಲಿ ದುಡಿಯುವವರ ಎದೆಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, 1000 ಅಥವಾ ಹೆಚ್ಚು ಉಪಕರಣ ಬಳಸುವ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ತಯಾರಕರು, ನವೀಕರಣದವರು ಅಥವಾ ಮರುಬಳಕೆಯವರಿಗೇ ಕೊಡಬೇಕು. ಚಿಕ್ಕ ಆಫೀಸುಗಳೂ ಹಾಗೆಯೇ ಮಾಡಲಿ, ರಸೀದಿಯಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಲಿ. ಡೇಟಾ ಸೋರೀತೆಂಬ ಭಯಕ್ಕೆ ಡಿಸ್ಕುಗಳನ್ನು ಬೀರುವಿನಲ್ಲಿ ಪೇರಿಸಿಡಬೇಕಿಲ್ಲ. ಹಾರ್ಡ್‌ಡಿಸ್ಕಿಗೆ ಅಳಿಸುವ ಪ್ರೋಗ್ರಾಂನಿಂದ ಹಳೆಯ ಡೇಟಾದ ಮೇಲೆ ಒಮ್ಮೆ ಪೂರ್ತಿ ಸೊನ್ನೆ ಬರೆದರೆ ಸಾಕು. ಎಸ್‌ಎಸ್‌ಡಿಗೆ ಆ ವಿಧಾನ ನೆಚ್ಚುವಂಥದ್ದಲ್ಲ, ಅದರೊಳಗಿನ ಕಂಟ್ರೋಲರ್ ಚಿಪ್ಪು ಪ್ರತಿ ಸಲವೂ ಬೇರೆ ಜಾಗಕ್ಕೆ ಬರೆಯುತ್ತಿರುತ್ತದೆ. ತಯಾರಕರ ಸೆಕ್ಯೂರ್ ಇರೇಸ್ ಸಾಧನವನ್ನೇ ಬಳಸಿ.