ತಣ್ಣಗಿದ್ದ ಚಕ್ರ: ಬೆಳಗಾವಿಯಿಂದ ನಿಗಡಿಗೆ ಲಾರಿಯಲ್ಲಿ

ಪುಣೆಗೆ ನಾನು ಬಸ್ಸಿನಲ್ಲೂ ರೈಲಿನಲ್ಲೂ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಆದರೆ ಬೆಳಗಾವಿಯಿಂದ ಪುಣೆಯವರೆಗಿನ ಸುಮಾರು 340 ಕಿಲೋಮೀಟರ್ ದಾರಿಯಲ್ಲಿ ಏರು ಎಷ್ಟು, ಇಳುಕಲು ಎಷ್ಟು ಎಂಬುದು ನನಗೆ ತಿಳಿದದ್ದು ಕಳೆದ ಡಿಸೆಂಬರಿನಲ್ಲಿ, ಸೋದರಮಾವನ ಹತ್ತು ಚಕ್ರದ ಲಾರಿಯಲ್ಲಿ ಕ್ಲೀನರ್ ಕೂರುವ ಜಾಗದಲ್ಲಿ ಕುಳಿತು ಹೋದಾಗ. ಅವರ ಕ್ಲೀನರ್ ಹುಡುಗ ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ನನಗೆ ಕಾಲೇಜಿನ ರಜೆ ಇತ್ತು. "ಬರೂದಿದ್ರ ಬಾ, ಆದ್ರ ನಿದ್ದಿ ಮಾಡೂದಿಲ್ಲ ಅಂತ ಮಾತು ಕೊಡು" ಎಂಬುದೊಂದೇ ಮಾವನ ಷರತ್ತು. ಲಾರಿ ಯಾವ ಕಂಪನಿಯದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ನನ್ನ ಪಕ್ಷಕ್ಕೂ ಇನ್ನರ್ಧ ಜನ ವಿರೋಧಪಕ್ಷಕ್ಕೂ ಸೇರುತ್ತಾರೆ ಎಂಬ ಅನುಭವ ಈ ಪ್ರವಾಸದಲ್ಲೇ ಆಗಿದೆ.

ಉದ್ಯಮಬಾಗದ ಫೌಂಡ್ರಿಯೊಂದರಿಂದ ಎರಕದ ಬಿಡಿಭಾಗಗಳನ್ನು ತುಂಬಿಕೊಂಡು ರಾತ್ರಿ ಎಂಟಕ್ಕೆ ಹೊರಟೆವು. ಬೆಳಗಾವಿಯ ಕಬ್ಬಿಣ ಪುಣೆಯ ಕಾರ್ಖಾನೆಗಳಿಗೆ ಹೋಗುವುದು ಹೊಸತೇನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಕಾಲದಿಂದಲೂ ನಮ್ಮ ಕಡೆಯ ಯಂತ್ರಬುದ್ಧಿ ಈ ದಿಕ್ಕಿಗೇ ಹರಿದಿದೆ. ನಿಪ್ಪಾಣಿ, ಕೊಲ್ಹಾಪುರ, ಕರಾಡ್, ಸಾತಾರಾ ಎಲ್ಲವೂ ಕತ್ತಲಲ್ಲೇ ಹಿಂದೆ ಸರಿದವು. ಖಂಬಾಟ್ಕಿ ಸುರಂಗ ದಾಟಿದ ಮೇಲೆ ಬರುವ ಎಸ್ ಆಕಾರದ ತಿರುವಿನಲ್ಲಿ ಮಾವ ಬ್ರೇಕಿನ ಮೇಲೆ ಎರಡು ಸಲ ಕಾಲಿಟ್ಟು, ಏನೋ ಕೇಳಿಸಿಕೊಂಡವರಂತೆ ತಲೆ ವಾಲಿಸಿದರು. ನನಗೇನೂ ಕೇಳಿಸಲಿಲ್ಲ.

ಬೆಳಗಿನ ಜಾವ ನಾಲ್ಕೂವರೆಗೆ ಖೇಡ್ ಶಿವಾಪುರದ ಹತ್ತಿರ ಢಾಬಾ ಒಂದರ ಮುಂದೆ ಗಾಡಿ ನಿಲ್ಲಿಸಿದರು. ಚಹಾ ಕುಡಿಯಲಿಕ್ಕೆಂದು ನಾನು ತಿಳಿದೆ; ಅವರು ಟಾರ್ಚ್ ಹಿಡಿದು ನೇರವಾಗಿ ಚಕ್ರಗಳ ಕಡೆ ಹೋದರು. ಹತ್ತು ಟೈರುಗಳಿರುವ ಲಾರಿಗೆ ಹಬ್ಬುಗಳು, ಅಂದರೆ ಚಕ್ರಗಳನ್ನು ಕೂರಿಸುವ ನಡುಭಾಗಗಳು, ಆರೇ: ಮುಂದಿನ ಆಕ್ಸಲ್‌ಗೆ ಎರಡು, ಹಿಂದಿನ ಎರಡು ಆಕ್ಸಲ್‌ಗಳಿಗೆ ಎರಡೆರಡು. ಒಂದೊಂದರ ಬಳಿಯೂ ಬಗ್ಗಿ, ಮೊದಲು ಸ್ವಲ್ಪ ದೂರದಿಂದ ಅಂಗೈಯ ಹಿಂಬದಿಯನ್ನು ಒಡ್ಡಿ, ಕಾವು ತಡೆಯುವಂತಿದ್ದರೆ ಮಾತ್ರ ಮುಟ್ಟುತ್ತಿದ್ದರು. ಐದು ಹಬ್ಬುಗಳು ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಗಳಂತೆ ಬಿಸಿಯಾಗಿದ್ದವು. ನಡುವಿನ ಆಕ್ಸಲ್‌ನ ಎಡಗಡೆಯದು ಮಾತ್ರ ಬೆಳಗಿನ ಚಳಿಗೆ ತಕ್ಕಷ್ಟು ತಣ್ಣಗಿತ್ತು.

"ಛಲೋ ಅಲ್ಲೇನು ಮಾಮಾ, ಒಂದಾದ್ರೂ ತಣ್ಣಗೈತಿ?" ಎಂದೆ.

"ಇದರ ಬ್ರೇಕು ಕೆಲಸಾನ ಮಾಡಾಕತ್ತಿಲ್ಲ. ಇದರ ಪಾಲಿನ ಕೆಲಸಾನೂ ಉಳಿದ ಐದು ಮಾಡ್ಯಾವ" ಎಂದರು.

ಟಾರ್ಚಿನ ಬೆಳಕನ್ನು ಒಳಬದಿಯ ಟೈರಿನ ಮೇಲೆ ಬಿಟ್ಟಾಗ ಕಾರಣವೂ ಕಂಡಿತು. ಟೈರಿನ ಪಕ್ಕೆಯ ಮೇಲೆ ಧೂಳು ಅಂಟಿ ಕಪ್ಪಾದ, ಬೆರಳಗಲದ ಒಂದು ಒದ್ದೆ ಗೆರೆ ಇಳಿದಿತ್ತು. ಆಕ್ಸಲ್‌ನ ಎಣ್ಣೆಯನ್ನು ಒಳಗೇ ತಡೆಯಬೇಕಾದ ಸೀಲು ಸೋರುತ್ತಿತ್ತು. ಆ ಎಣ್ಣೆ, ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನೊಳಗೆ ಹೋಗಿ, ಬ್ರೇಕ್ ಒತ್ತಿದಾಗ ಡ್ರಮ್ಮಿಗೆ ಉಜ್ಜಿ ಅದನ್ನು ತಡೆಯುವ ಲೈನರನ್ನು ನೆನೆಸಿತ್ತು. ಎಣ್ಣೆ ಕುಡಿದ ಲೈನರು ಡ್ರಮ್ಮನ್ನು ಹಿಡಿಯುವುದಿಲ್ಲ, ಸವರುತ್ತದೆ ಅಷ್ಟೆ. ಲೈನರಿಗೂ ಡ್ರಮ್ಮಿಗೂ ನಡುವಿನ ಸಂದನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರನ್ನು ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲದ ರೋಗ ಇದು. ಎರಡು ತಿಂಗಳ ಹಿಂದೆ ಹೆದ್ದಾರಿಯ ಯಾವುದೋ ಗ್ಯಾರೇಜಿನಲ್ಲಿ ಅವಸರದಲ್ಲಿ ಕೂರಿಸಿದ್ದ ಸೀಲು ಅದು ಎಂದು ಮಾವ ನೆನಪಿಸಿಕೊಂಡು, ಆ ಗ್ಯಾರೇಜಿನವನ ವಂಶವನ್ನು ಒಂದೇ ವಾಕ್ಯದಲ್ಲಿ ಸ್ಮರಿಸಿದರು.

ಖೇಡ್ ಶಿವಾಪುರದಿಂದ ಮುಂದೆ ಇರುವುದೇ ಕಾತ್ರಜದ ಹೊಸ ಸುರಂಗ, ಅದರಾಚೆ ನವಲೆ ಸೇತುವೆಯವರೆಗಿನ ಇಳಿಜಾರು. ಈ ದಾರಿಯ ಚಾಲಕರಲ್ಲಿ ಅದರ ಹೆಸರು ಕೇಳಿ ಸುಮ್ಮನಾಗದವರು ಕಡಿಮೆ. ಕಾರಿನಲ್ಲಿ ಹೋಗುವವರಿಗೆ ಅದು ಇಳಿಜಾರು ಎಂದು ಅನ್ನಿಸುವುದೂ ಇಲ್ಲ. ಘಟ್ಟದಂತೆ ಹಾವಿನ ತಿರುವುಗಳಿಲ್ಲದೆ, ಅಗಲವಾಗಿ, ನುಣ್ಣಗೆ, ಕಿಲೋಮೀಟರುಗಟ್ಟಲೆ ಇಳಿಯುವುದೇ ಅದರ ಮೋಸ. 2022ರ ನವೆಂಬರ್ 20ರ ರಾತ್ರಿ ಇದೇ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಭಾರಿ ವಾಹನವೊಂದು ಸೇತುವೆಯ ಬಳಿ ಹತ್ತಾರು ವಾಹನಗಳಿಗೆ ಗುದ್ದಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ.

ಹಗಲಾದರೆ ಕೆಳಗೆ ನಗರದ ಸಂದಣಿ ಸೇರುತ್ತದೆ, ಆದ್ದರಿಂದ ಕತ್ತಲಿರುವಾಗಲೇ ಇಳಿದುಬಿಡುವುದೆಂದು ಮಾವ ನಿಶ್ಚಯಿಸಿದರು. ಡ್ರಮ್ಮುಗಳು ಆರಲೆಂದು ಮುಕ್ಕಾಲು ಗಂಟೆ ಕಾದೆವು. ಸುರಂಗದಿಂದ ಹೊರಬೀಳುವ ಮೊದಲೇ ಗೇರನ್ನು ಮೂರಕ್ಕೆ ಇಳಿಸಿದರು. ಹತ್ತುವಾಗ ಯಾವ ಗೇರು ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಇರಬೇಕೆಂಬುದು ಅವರ ಗುರುವಿನ ಪಾಠವಂತೆ. ಹೊಗೆ ಹೋಗುವ ದಾರಿಯನ್ನು ಅಡ್ಡಗಟ್ಟಿ ಎಂಜಿನ್ನನ್ನೇ ಹಿಡಿದು ನಿಲ್ಲಿಸುವ ಎಕ್ಸಾಸ್ಟ್ ಬ್ರೇಕನ್ನು ಹಾಕಿದಾಗ ಗಾಡಿ ದೀರ್ಘವಾಗಿ ಹೂಂಕರಿಸಿತು. ಮುಳ್ಳು ಮೂವತ್ತನ್ನು ದಾಟಲಿಲ್ಲ. ಕಾಲಿನ ಬ್ರೇಕನ್ನು ಅವರು ಒತ್ತಿ ಹಿಡಿಯುತ್ತಿರಲಿಲ್ಲ; ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು, ಡ್ರಮ್ಮಿಗೆ ಉಸಿರಾಡಲು ಅವಕಾಶ ಕೊಡುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕದಿಂದ ಹೋದರು. ಅವರಲ್ಲಿ ಒಂದು ಹನ್ನೆರಡು ಚಕ್ರದ ಲಾರಿ ನಮ್ಮ ಬಲಗಡೆ ಸದ್ದೇ ಇಲ್ಲದೆ ಜಾರಿಹೋಯಿತು. ಅಷ್ಟು ದೊಡ್ಡ ಗಾಡಿಗೆ ಎಂಜಿನ್ನಿನ ಸದ್ದಿಲ್ಲವಲ್ಲ ಎಂದು ನಾನು ಅಚ್ಚರಿಪಡುವಷ್ಟರಲ್ಲಿ ಮಾವ, "ನ್ಯೂಟ್ರಲ್" ಎಂದು ಒಂದೇ ಮಾತು ಹೇಳಿದರು. ನವಲೆ ಸೇತುವೆ ದಾಟುವವರೆಗೆ ಮತ್ತೆ ಬಾಯಿ ಬಿಡಲಿಲ್ಲ.

ಪುಣೆಗೆ ಅಂಟಿಕೊಂಡ ಪಿಂಪ್ರಿ-ಚಿಂಚವಡದ ಭೋಸರಿಯಲ್ಲಿ ಲೋಡು ಇಳಿಸಿ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಗೆ ಬರುವಾಗ ಹನ್ನೊಂದು ಗಂಟೆ. ಅಲ್ಲಿ ಮಾವನ ನಂಬಿಕೆಯ ಮಿಸ್ತ್ರಿಯೊಬ್ಬರಿದ್ದಾರೆ. ಆಳಂದದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾದರೂ ಲೆಕ್ಕ ಮಾಡುವುದು ಕನ್ನಡದಲ್ಲೇ. ಗಿರಾಕಿಗೆ ಮರಾಠಿ, ಹುಡುಗರಿಗೆ ಹಿಂದಿ, ಸಿಕ್ಕಿಕೊಂಡು ಬಿಚ್ಚಲು ಬಾರದ ನಟ್ಟಿಗೆ ಮಾತ್ರ ಕಲಬುರಗಿಯ ಅಪ್ಪಟ ಬೈಗುಳ.

ಚಕ್ರ ಬಿಚ್ಚುವ ಕೆಲಸವನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಆಕ್ಸಲ್ ರಾಡನ್ನು ಹೊರಗೆಳೆದು, ಹಬ್ಬಿನ ನಟ್ಟು ತೆಗೆದು, ಡ್ರಮ್ಮಿನ ಸಮೇತ ಹಬ್ಬನ್ನು ಇಳಿಸಿದಾಗ ಒಳಗಿನ ಲೈನರುಗಳು ಮಳೆಯಲ್ಲಿ ನೆಂದ ಬೆಲ್ಲದಚ್ಚಿನಂತೆ ಕಪ್ಪಾಗಿ ಹೊಳೆಯುತ್ತಿದ್ದವು. ಮಿಸ್ತ್ರಿ ಸೀಲನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಒಂದು ಅಂಚು ಮಡಚಿ ಹೋಗಿತ್ತು. ಸುತ್ತಿಗೆಯಿಂದ ಒಂದೇ ಕಡೆ ಹೊಡೆದು ಕೂರಿಸಿದರೆ ಹೀಗಾಗುತ್ತದಂತೆ. ಹೊಸದನ್ನು ಅವರು ಒಂದು ಚಪ್ಪಟೆ ಹಲಗೆಯ ತುಂಡನ್ನು ಅಡ್ಡವಿಟ್ಟು, ಸುತ್ತಲೂ ಸಮನಾಗಿ ಸಣ್ಣ ಸಣ್ಣ ಏಟು ಹಾಕಿ ಕೂರಿಸಿದರು. ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿದ ಬೇರಿಂಗನ್ನು ಎಡ ಅಂಗೈಯಲ್ಲಿದ್ದ ಗ್ರೀಸಿನ ಗುಡ್ಡೆಗೆ ಒತ್ತಿ ಒತ್ತಿ, ರೋಲರುಗಳ ಸಂದಿನಿಂದ ಮೇಲ್ಗಡೆ ಹೊಸ ಗ್ರೀಸು ಶ್ಯಾವಿಗೆಯಂತೆ ಹೊರಬರುವವರೆಗೂ ಬಿಡಲಿಲ್ಲ. ಹಬ್ಬನ್ನು ತಿರುಗಿಸುತ್ತ ನಟ್ಟನ್ನು ಬಿಗಿದು, ಆಮೇಲೆ ಒಂದಿಷ್ಟು ಹಿಂದೆ ಬಿಟ್ಟು ಲಾಕ್ ಮಾಡಿದರು. ಪೂರ್ತಿ ಬಿಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ, ಸಡಿಲ ಬಿಟ್ಟರೆ ಚಕ್ರ ಓಲಾಡಿ ಮತ್ತೆ ಸೀಲು ಹೋಗುತ್ತದೆ. ಆ "ಒಂದಿಷ್ಟು" ಎಷ್ಟು ಎಂದು ಕೇಳಿದ್ದಕ್ಕೆ ಅವರು ತಮ್ಮ ಮಣಿಕಟ್ಟನ್ನು ತೋರಿಸಿ ನಕ್ಕರು. ಕೆಟ್ಟದ್ದು ಎಡಗಡೆಯದಾದರೂ ಲೈನರುಗಳನ್ನು ಎರಡೂ ಕಡೆ ಬದಲಾಯಿಸಿದರು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಲೈನರಿಗೆ ರಿವೆಟ್ ಹೊಡೆಯುವ ಹೊತ್ತಿಗೆ ಅಲ್ಲೊಂದು ಸಭೆಯೇ ಸೇರಿತ್ತು. ಹುಬ್ಬಳ್ಳಿಯ ಇಬ್ಬರು ಹುಡುಗರು, ಪುಣೆಯಲ್ಲಿ ಎಂಜಿನಿಯರುಗಳು. ಭಾನುವಾರ ಬಂತೆಂದರೆ ಜನ ಸಿಂಹಗಡಕ್ಕೆ ಹೋದರೆ ಇವರು ಲಾರಿ ನೋಡಲು ಟ್ರಾನ್ಸ್‌ಪೋರ್ಟ್ ನಗರಿಗೆ ಬರುತ್ತಾರೆ. ಒಬ್ಬ ಟಾಟಾ ಪಕ್ಷ, ಇನ್ನೊಬ್ಬ ಲೇಲ್ಯಾಂಡ್ ಪಕ್ಷ. ಜೊತೆಗೆ ವಿಜಯಪುರದ ಹಿರಿಯ ಚಾಲಕರೊಬ್ಬರು ತಮ್ಮ ಗಾಡಿಯ ಸರದಿಗಾಗಿ ಟೈರಿನ ಮೇಲೆ ಕುಳಿತಿದ್ದರು.

ಟಾಟಾ ಹುಡುಗ, 1966ರಿಂದ ಈ ಪಿಂಪ್ರಿಯ ಮಣ್ಣಿನಲ್ಲೇ ಟಾಟಾ ಇದೆ, ಇಲ್ಲಿ ನಿಂತು ಬೇರೆ ಹೆಸರು ಹೇಳುವುದು ಅಪಚಾರ ಎಂದ. ಲೇಲ್ಯಾಂಡ್ ಹುಡುಗ, 1948ರಲ್ಲಿ ಅಶೋಕ್ ಮೋಟರ್ಸ್ ಎಂದು ಹುಟ್ಟಿ 1955ರಲ್ಲಿ ಹೆಸರು ಬದಲಿಸಿಕೊಂಡ ತನ್ನ ಕಂಪನಿಯ ಎಂಜಿನ್ ಸದ್ದನ್ನು ಕಣ್ಣು ಮುಚ್ಚಿ ಗುರುತಿಸುವುದಾಗಿ ಪಂಥ ಕಟ್ಟಿದ. ವಿಜಯಪುರದವರು ಇಬ್ಬರನ್ನೂ ತಡೆದು, ತಾವು ಚಿಕ್ಕವರಿದ್ದಾಗ ಊರಿನಲ್ಲಿ ಇದ್ದದ್ದು "ಬೆಂಜ್ ಲಾರಿ" ಒಂದೇ ಎಂದರು. ಅವರು ಹೇಳುತ್ತಿದ್ದದ್ದೂ ಟಾಟಾದ್ದೇ: 1954ರಿಂದ 1969ರವರೆಗೆ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದಲ್ಲಿ ತಯಾರಾದ ಲಾರಿಗಳ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರವಿರುತ್ತಿತ್ತು. ಅದೇ ಮನೆತನ 2012ರಲ್ಲಿ ಭಾರತ್‌ಬೆಂಜ್ ಎಂಬ ಹೆಸರಿನಲ್ಲಿ ಚೆನ್ನೈ ಹತ್ತಿರದ ಒರಗಡಂನಿಂದ ಟಾಟಾಕ್ಕೆ ಎದುರಾಳಿಯಾಗಿ ಬಂದದ್ದನ್ನು ಮಾವ ನೆನಪಿಸಿದಾಗ, "ಸೋಡಚೀಟಿ ಆದಮ್ಯಾಲ ಬಾಜೂ ಮನ್ಯಾಗ ಬಂದು ಸಂಸಾರ ಹೂಡಿದಂಗಾತು" ಎಂದು ವಿಚ್ಛೇದನದ ಭಾಷೆಯಲ್ಲೇ ಹಿರಿಯರು ತೀರ್ಪು ಕೊಟ್ಟರು. ಯಾವ ಗಾಡಿ ಒಳ್ಳೆಯದು ಎಂದು ಹುಡುಗರು ಕೊನೆಗೆ ಮಿಸ್ತ್ರಿಯನ್ನೇ ಕೇಳಿದರು. ಅವರು ರಿವೆಟ್ ಹೊಡೆಯುವುದನ್ನು ನಿಲ್ಲಿಸದೆ, "ಎಲ್ಲಾ ಕೆಡ್ತಾವ್ರಿ. ಅದಕ್ಕೇ ನಾ ಉಣ್ಣಾಕತ್ತೀನಿ" ಎಂದರು.

ಜಗಳ ನಿಜವಾಗಿ ಕಾವೇರಿದ್ದು ನ್ಯೂಟ್ರಲ್ ವಿಷಯಕ್ಕೆ. ಇಳುಕಲಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ, ಮಾಲೀಕರು ಲೆಕ್ಕ ಕೇಳುವಾಗ ಆ ನಾಲ್ಕು ಲೀಟರೇ ಮರ್ಯಾದೆ ಕಾಯುತ್ತದೆ ಎಂದು ವಿಜಯಪುರದವರು ವಾದಿಸಿದರು. ಅವರ ಮಾತಿನಲ್ಲಿ ಒಂದು ಸತ್ಯವಿತ್ತು: ಲೀಟರಿನ ಲೆಕ್ಕವನ್ನು ಚಾಲಕನ ತಲೆಗೆ ಕಟ್ಟಿದವರು ಇಳಿಜಾರಿನ ಮಾತನ್ನು ಎಂದೂ ಆಡುವುದಿಲ್ಲ. ಆದರೆ ಲೆಕ್ಕವೇ ತಪ್ಪು ಎಂದು ಲೇಲ್ಯಾಂಡ್ ಹುಡುಗ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ. ಈಗಿನ ಎಲೆಕ್ಟ್ರಾನಿಕ್ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರುಗಳು ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಎಂಜಿನ್ ಆರದಂತೆ ಉಳಿಯಲು ಮತ್ತೆ ಡೀಸೆಲ್ ಬೇಕು. "ಹಂಗಾರ ಎಂಜಿನ್ನ ಬಂದ್ ಮಾಡ್ತೀವಿ" ಎಂದರು ಹಿರಿಯರು, ಅರ್ಧ ತಮಾಷೆಗೆ. ಮಿಸ್ತ್ರಿಯ ಸುತ್ತಿಗೆ ಅಲ್ಲಿ ನಿಂತಿತು. ಎಂಜಿನ್ ನಿಂತರೆ ಬ್ರೇಕಿಗೆ ಬೇಕಾದ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ, ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ ಎಂದು ಅವರು ಮೂರು ಬೆರಳು ಮಡಚಿದರು. ಹಿರಿಯರು ಒಪ್ಪಿದರೆಂದು ನನಗೆ ಅನ್ನಿಸಲಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವುದಕ್ಕೆ ಅವರು ಮಾತು ತಿರುಗಿಸಿ, ಎಸಿಯ ಡೀಸೆಲ್ ಯಾರ ಲೆಕ್ಕಕ್ಕೆ ಎಂದು ಕೇಳಿದರು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಸಂಜೆ ಗಾಳಿಯ ಪರೀಕ್ಷೆ. ಟ್ಯಾಂಕುಗಳ ಕೆಳಗಿನ ತಿರುಪು ಬಿಚ್ಚಿ ಒಳಗೆ ಸೇರಿದ್ದ ನೀರನ್ನು ಹೊರಗೆ ಬಿಟ್ಟು, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆರಿಸಿದರು. ನಾನು ಬ್ರೇಕ್ ಒತ್ತಿ ಹಿಡಿದು ಮೀಟರನ್ನು ನೋಡುತ್ತ ಕೂರಬೇಕು, ಹುಡುಗನೊಬ್ಬ ಪೈಪುಗಳ ಜೋಡಣೆಗಳಿಗೆ ಸೋಪಿನ ನೀರು ಹಚ್ಚುತ್ತ ಹೋಗಬೇಕು. ಒಂದು ಕಡೆಯೂ ಗುಳ್ಳೆ ಏಳಲಿಲ್ಲ. ನನ್ನ ಕಾಲು ಜೋಮು ಹಿಡಿದರೂ ಮುಳ್ಳು ಅಲ್ಲಾಡಲಿಲ್ಲ.

ಮರುದಿನ ಚಾಕಣದಿಂದ ಹುಬ್ಬಳ್ಳಿಯ ಲೋಡು ಸಿಕ್ಕಿತು. ಹೋಗುವಾಗ ಸುರಂಗದಲ್ಲಿ ದಾಟಿದ್ದ ಖಂಬಾಟ್ಕಿಯನ್ನು ಬರುವಾಗ ಹಳೆಯ ಘಟ್ಟದ ದಾರಿಯಲ್ಲೇ ಹತ್ತಿ ಇಳಿಯಬೇಕಿತ್ತು. ಘಟ್ಟ ಇಳಿದು ಸುರೂರಿನ ಬಳಿ ಗಾಡಿ ನಿಂತಾಗ ಮಾವ ಇಳಿಯಲಿಲ್ಲ. ಟಾರ್ಚನ್ನು ನನ್ನ ಕೈಗೆ ಕೊಟ್ಟರು. ಮುಂದಿನ ಬಲಗಡೆಯಿಂದ ಆರಂಭಿಸಿ, ಅಂಗೈಯ ಹಿಂಬದಿಯನ್ನು ಒಡ್ಡುತ್ತ, ಆರೂ ಹಬ್ಬುಗಳನ್ನು ಸುತ್ತಿ ಬಂದೆ. ನಡುವಿನ ಎಡಗಡೆಯದರ ಬಳಿ ಎರಡು ಸಲ ಕೈಯಿಟ್ಟು ನೋಡಿದೆ.

"ಎಲ್ಲಾ ಒಂದ ಬಿಸಿ ಮಾಮಾ" ಎಂದೆ.

"ಹಂಗಾರ ಎರಡು ಚಾ ಹೇಳು" ಎಂದರು.